ಒಂದು ಯೂನಿಟ್ ವಿದ್ಯುತ್ ಎಂದರೆ ಎಷ್ಟು?

ಮಕ್ಕಳೇ, ಪ್ರತಿ ತಿಂಗಳು ನಿಮ್ಮ ಮನೆಗೆ ಕರೆಂಟ್ ಬಿಲ್ಲು ಬರುತ್ತದೆಯಲ್ಲವೆ? ಅದರಲ್ಲಿ ಬಳಸಿದ ಯೂನಿಟ್‌ಗಳ ಲೆಕ್ಕ ಇರುತ್ತದೆ. ಬಲ್ಬಿನ ಮೇಲೆ ವಾಟ್ ಮತ್ತು ವೋಲ್ಟ್, ಪ್ಲಗ್ಗಿನ ಮೇಲೆ ಆಂಪೇರ್ ಎಂದು ಬರೆದಿರುತ್ತದೆ. ಈ ಪದಗಳ ಅರ್ಥವೇನು? ಬನ್ನಿ, ತಿಳಿಯೋಣ.

ವೋಲ್ಟ್: ನೀರಿನ ಟ್ಯಾಂಕು ಎತ್ತರದಲ್ಲಿದ್ದಷ್ಟೂ ನಲ್ಲಿಯಲ್ಲಿ ನೀರಿನ ಒತ್ತಡ ಹೆಚ್ಚು. ತಂತಿಯಲ್ಲಿ ವಿದ್ಯುತ್ ಹರಿಯಲೂ ಇಂಥದೇ ಒಂದು ಒತ್ತಡ ಬೇಕು. ಇದೇ ವಿಭವಾಂತರ. ಇದರ ಅಳತೆ ವೋಲ್ಟ್. 1800ರಲ್ಲಿ ಬ್ಯಾಟರಿಯನ್ನು ರೂಪಿಸಿದ ಇಟಲಿಯ ವಿಜ್ಞಾನಿ ವೋಲ್ಟಾ ಅವರ ನೆನಪಿಗೆ ಈ ಹೆಸರು. ಟಾರ್ಚಿನ ಒಂದು ಸೆಲ್ 1.5 ವೋಲ್ಟ್, ಮನೆಯ ವಿದ್ಯುತ್ 230 ವೋಲ್ಟ್. ಆದ್ದರಿಂದಲೇ ಸೆಲ್ಲನ್ನು ಕೈಯಲ್ಲಿ ಹಿಡಿಯಬಹುದು. ಆದರೆ ಗೋಡೆಯ ಪ್ಲಗ್ಗಿನೊಳಗೆ ಮೊಳೆ, ತಂತಿ ತೂರಿಸಿದರೆ ಪ್ರಾಣಕ್ಕೇ ಅಪಾಯ.

ಆಂಪೇರ್: ತಂತಿಯಲ್ಲಿ ಹರಿಯುವ ವಿದ್ಯುತ್ ಪ್ರವಾಹದ ಅಳತೆ. ಪ್ರವಾಹ ಹೆಚ್ಚಿದಂತೆ ತಂತಿ ಬಿಸಿಯಾಗುತ್ತದೆ.

ವಾಟ್: ಒಂದು ಉಪಕರಣ ಎಷ್ಟು ಬೇಗ ಶಕ್ತಿಯನ್ನು ಬಳಸುತ್ತದೆ ಎಂಬುದೇ ಅದರ ಸಾಮರ್ಥ್ಯ. ಇದರ ಅಳತೆ ವಾಟ್. ಹೀಟರ್, ಇಸ್ತ್ರಿ ಪೆಟ್ಟಿಗೆಗಳಲ್ಲಿ ವೋಲ್ಟನ್ನು ಆಂಪೇರಿನಿಂದ ಗುಣಿಸಿದರೆ ವಾಟ್ ಸಿಗುತ್ತದೆ.

ಯೂನಿಟ್: ನಲ್ಲಿಯಿಂದ ನೀರು ಬೀಳುವ ವೇಗ ವಾಟ್ ಇದ್ದಂತೆ, ಕೊಡದಲ್ಲಿ ತುಂಬಿದ ನೀರು ಯೂನಿಟ್ ಇದ್ದಂತೆ. 1000 ವಾಟಿನ ಉಪಕರಣ 1 ಗಂಟೆ ನಡೆದರೆ ಖರ್ಚಾಗುವ ಶಕ್ತಿಯೇ 1 ಯೂನಿಟ್, ಅಂದರೆ 1 ಕಿಲೋವಾಟ್-ಗಂಟೆ. ಇದು 36 ಲಕ್ಷ ಜೂಲ್‌ಗಳಿಗೆ ಸಮ. 20 ಕಿಲೋಗ್ರಾಂ ತೂಕದ ಅಕ್ಕಿ ಮೂಟೆಯನ್ನು 1 ಮೀಟರ್ ಎತ್ತಲು ಸುಮಾರು 200 ಜೂಲ್ ಸಾಕು. ಅಂದರೆ ಒಂದು ಯೂನಿಟ್ ಶಕ್ತಿಯಿಂದ ಆ ಮೂಟೆಯನ್ನು ಸುಮಾರು 18,000 ಸಲ ಎತ್ತಬಹುದು! ಯೂನಿಟ್ ಸಣ್ಣದಲ್ಲ, ಅಲ್ಲವೆ?

ಈಗ ಒಂದು ಲೆಕ್ಕ. 60 ವಾಟಿನ ಹಳೆಯ ಬುರುಡೆ ಬಲ್ಬು ದಿನಕ್ಕೆ 5 ಗಂಟೆಯಂತೆ 30 ದಿನ ಉರಿದರೆ 9 ಯೂನಿಟ್ ಖರ್ಚಾಗುತ್ತದೆ. 9 ವಾಟಿನ ಎಲ್‌ಇಡಿ ಬಲ್ಬಿಗೆ ಅಷ್ಟೇ ಹೊತ್ತಿಗೆ 1.35 ಯೂನಿಟ್ ಸಾಕು. ಬುರುಡೆ ಬಲ್ಬಿನಲ್ಲಿ ಹೆಚ್ಚಿನ ಶಕ್ತಿ ಬೆಳಕಾಗದೆ ಶಾಖವಾಗಿ ಹೋಗುವುದೇ ಇದಕ್ಕೆ ಕಾರಣ.

ಎಚ್ಚರಿಕೆ: 1500 ವಾಟಿನ ನೀರು ಕಾಯಿಸುವ ರಾಡನ್ನೂ 1000 ವಾಟಿನ ಇಸ್ತ್ರಿ ಪೆಟ್ಟಿಗೆಯನ್ನೂ ಒಂದೇ ಪ್ಲಗ್ಗಿಗೆ ಸೇರಿಸಿದರೆ ಏನಾಗುತ್ತದೆ? ಒಟ್ಟು 2500 ವಾಟ್. ಇದನ್ನು 230ರಿಂದ ಭಾಗಿಸಿ. ಸುಮಾರು 11 ಆಂಪೇರ್! ಸಣ್ಣ ಪ್ಲಗ್ಗು ತಡೆಯುವುದು 6 ಆಂಪೇರ್ ಮಾತ್ರ. ತಂತಿ ಕಾದು, ಅದರ ಹೊದಿಕೆ ಕರಗಿ ಬೆಂಕಿ ಹತ್ತಬಹುದು. ಇದನ್ನು ಮನೆಯ ಹಿರಿಯರಿಗೂ ತಿಳಿಸಿ.

ನೀವೇ ಮಾಡಿ: ಒಂದು ವಾರ ಪ್ರತಿ ಸಂಜೆ ಅದೇ ಹೊತ್ತಿಗೆ ಮೀಟರಿನ ಅಂಕಿಯನ್ನು ಬರೆದಿಡಿ. ಮೀಟರನ್ನು ಮುಟ್ಟಬೇಡಿ, ನೋಡಿದರೆ ಸಾಕು. ಇಂದಿನ ಅಂಕಿಯಿಂದ ನಿನ್ನೆಯದನ್ನು ಕಳೆಯಿರಿ. ಯಾವ ದಿನ ಹೆಚ್ಚು ಖರ್ಚಾಯಿತು? ಏಕೆ? ತರಗತಿಯಲ್ಲಿ ಚರ್ಚಿಸಿ.

ಯೋಚಿಸಿ: 75 ವಾಟಿನ ಫ್ಯಾನು ದಿನಕ್ಕೆ 8 ಗಂಟೆ ತಿರುಗಿದರೆ 30 ದಿನಕ್ಕೆ ಎಷ್ಟು ಯೂನಿಟ್? (ಉತ್ತರ: 18)