ಕಾಲಿನ 'ಉಬ್ಬಿದ ನರ'ಕ್ಕೆ ವ್ಯಾಯಾಮ ಚಿಕಿತ್ಸೆ



ಕಾಫಿ ಕೊಯ್ಲಿನಲ್ಲಿ ದಿನವಿಡೀ ನಿಂತು, ಅಡಿಕೆ ಸುಲಿತದಲ್ಲಿ ರಾತ್ರಿಯವರೆಗೆ ಮೆಟ್ಟುಗತ್ತಿಯ ಮುಂದೆ ಕುಳಿತು ದುಡಿಯುವ ಕೆಲವರಿಗೆ ಸಂಜೆಯಾಗುತ್ತಲೇ ಕಾಲು ಭಾರವಾಗಿ, ಗಿಣ್ಣಿನ ಬಳಿ ಊದಿಕೊಳ್ಳುತ್ತದೆ. ಮೀನಖಂಡದ ಮೇಲೆ ನೀಲಿ ಗೆರೆಗಳು ಹುರಿಯಂತೆ ಉಬ್ಬುತ್ತವೆ. 'ನರ ಉಬ್ಬಿದೆ' ಎನ್ನುತ್ತೇವೆ. ವಾಸ್ತವವಾಗಿ ಅದು ನರವಲ್ಲ. ಕಾಲಿನ ರಕ್ತವನ್ನು ಹೃದಯಕ್ಕೆ ಹಿಂತಿರುಗಿಸುವ ಅಭಿಧಮನಿ. ವಂಶದ ಗುಣ, ಬಸಿರು, ಸ್ಥೂಲಕಾಯ ಇವೂ ಇದಕ್ಕೆ ಕಾರಣ.

ಈ ನಾಳಗಳಲ್ಲಿ ರಕ್ತ ಕೆಳಗಿಳಿಯದಂತೆ ತಡೆಯುವ ಸಣ್ಣ ಕವಾಟಗಳಿವೆ, ನಮ್ಮ ಪಂಪ್‌ಸೆಟ್ಟಿನ ಫುಟ್‌ವಾಲ್ವ್ ಇದ್ದ ಹಾಗೆ. ವಾಲ್ವ್ ಸೋರಿದರೆ ನೀರು ಬಾವಿಗೆ ಮರಳುವಂತೆ, ಕವಾಟ ಕೆಟ್ಟರೆ ರಕ್ತ ಕಾಲಿಗೇ ಮರಳುತ್ತದೆ. ಅದನ್ನು ಮೇಲಕ್ಕೆ ತಳ್ಳುವ ಪಂಪು ಮೀನಖಂಡದ ಸ್ನಾಯು. ಅಲುಗಾಡದೆ ನಿಂತಾಗ ಗಿಣ್ಣಿನ ಬಳಿ ನಾಳದ ಒತ್ತಡ ಸುಮಾರು 80-90 ಮಿಲಿಮೀಟರ್ ಪಾದರಸದಷ್ಟಿರುತ್ತದೆ. ಆರೋಗ್ಯವಂತರು ನಡೆದರೆ 30ಕ್ಕಿಂತ ಕೆಳಗಿಳಿಯುತ್ತದೆ. ಕವಾಟ ಕೆಟ್ಟವರಲ್ಲಿ ಅಷ್ಟು ಇಳಿಯದು. ಹೀಗೆ ವರ್ಷಗಟ್ಟಲೆ ಉಳಿದರೆ ಚರ್ಮ ಕಪ್ಪಾಗಿ ತುರಿಸುತ್ತದೆ. ಇಂಬಳ ಕಚ್ಚಿದ ಗಾಯವೂ ತಿಂಗಳುಗಟ್ಟಲೆ ಮಾಯದ ಹುಣ್ಣಾಗಬಹುದು.

ಹಿಗ್ಗಿದ ನಾಳ ವ್ಯಾಯಾಮದಿಂದ ಮೊದಲಿನಂತಾಗದು. ಆದರೆ ಊತ, ನೋವು ತಗ್ಗುತ್ತವೆ. ವೈದ್ಯರು ಕಟ್ಟುವ ಬಿಗಿಪಟ್ಟಿಯ ಜೊತೆಗೆ ಮಾಡಿದರೆ ಹುಣ್ಣು ಮಾಯಲೂ ನೆರವಾಗುತ್ತದೆ.

1. ಗೋಡೆ ಹಿಡಿದು ನಿಂತು ಹಿಮ್ಮಡಿ ಎತ್ತಿ, ನಿಧಾನವಾಗಿ ಇಳಿಸಿ. 10 ಸಲದಂತೆ ದಿನಕ್ಕೆ 3 ಬಾರಿ. ರೂಢಿಯಾದಂತೆ 20-25 ಸಲಕ್ಕೆ ಏರಿಸಿ.

2. ಸುಲಿತಕ್ಕೆ ಕುಳಿತವರು ಅರ್ಧ ಗಂಟೆಗೊಮ್ಮೆ ಎದ್ದು ನಡೆದಾಡಿ, ಪಾದವನ್ನು ಮೇಲಕ್ಕೂ ಕೆಳಕ್ಕೂ ಆಡಿಸಿ.

3. ದಿನಕ್ಕೆ ಅರ್ಧ ಗಂಟೆ ಬಿಡುವಿಲ್ಲದೆ ನಡೆಯಿರಿ. ಗಿಡದಿಂದ ಗಿಡಕ್ಕೆ ನಿಂತು ನಿಂತು ಸಾಗುವುದು ಇದಕ್ಕೆ ಸಮವಲ್ಲ.

4. ಮಲಗಿ, ಕಾಲನ್ನು ಎದೆಮಟ್ಟಕ್ಕಿಂತ ಎತ್ತರದಲ್ಲಿ ದಿಂಬಿನ ಮೇಲೆ 15 ನಿಮಿಷ ಇಡಿ.

5. ಬಿಗಿ ಕಾಲುಚೀಲವನ್ನು ಬೆಳಿಗ್ಗೆ ಊತ ಬರುವ ಮುನ್ನವೇ ಧರಿಸಿ. ಆದರೆ ಬೀಡಿ ಸೇದುವವರಲ್ಲಿ, ಸಕ್ಕರೆ ಕಾಯಿಲೆಯವರಲ್ಲಿ ಪಾದಕ್ಕೆ ರಕ್ತ ತರುವ ನಾಳ ಕಿರಿದಾಗಿರಬಹುದು. ವೈದ್ಯರು ಪರೀಕ್ಷಿಸದೆ ಬಿಗಿದರೆ ಅಪಾಯ.

ಎಚ್ಚರಿಕೆ: ಒಂದೇ ಕಾಲು ದಿಢೀರನೆ ಊದಿ ನೋವಾದರೆ ಎಣ್ಣೆ ಹಚ್ಚಿ ತಿಕ್ಕಬೇಡಿ. ಒಳಗೆ ರಕ್ತ ಹೆಪ್ಪುಗಟ್ಟಿರಬಹುದು. ಅಂದೇ ಆಸ್ಪತ್ರೆಗೆ ಹೋಗತಕ್ಕದ್ದು. ಉಬ್ಬಿದ ನಾಳ ಒಡೆದು ರಕ್ತ ಹರಿದರೆ ಮಲಗಿಸಿ, ಕಾಲೆತ್ತಿ, ಶುಚಿಯಾದ ಬಟ್ಟೆಯಿಂದ ಒತ್ತಿ ಹಿಡಿಯಿರಿ.

ಈ ಪಾಠವನ್ನು ಕೊಯ್ಲಿಗೆ, ಸುಲಿತಕ್ಕೆ ಬರುವ ಕಾರ್ಮಿಕರಿಗೂ ತಿಳಿಸಿ. ಎರಡು ನಿಮಿಷದ ಬಿಡುವು ಕೊಟ್ಟರೆ ಕೆಲಸ ನಿಲ್ಲದು. ಕಾಲಿಗೆ ಹುಣ್ಣಾದರೆ ಅವರಿಗೆ ಹಂಗಾಮಿನ ದುಡಿಮೆಯೇ ಕೈತಪ್ಪುತ್ತದೆ.

– ಕಾರ್ಯದರ್ಶಿ