ಗಡಿಯಾರ ಯಾರದು, ಅಳತೆಕೋಲು ಯಾರದು?

(ಸಾಪೇಕ್ಷತೆಯ ಲೆಕ್ಕ ಮಾಡುವ ಬಿ.ಎಸ್ಸಿ. ವಿದ್ಯಾರ್ಥಿಗಳ ಗಮನಕ್ಕೆ)

ಮಾಡಬೇಕಾದ್ದು

ಸೂತ್ರಕ್ಕೆ ಕೈಹಾಕುವ ಮೊದಲು, ಪ್ರಶ್ನೆಯಲ್ಲಿ ಕೊಟ್ಟ ಪ್ರತಿ ಸಂಖ್ಯೆಯ ಪಕ್ಕದಲ್ಲೂ ಅದು ಯಾರ ಗಡಿಯಾರದ ಕಾಲ, ಯಾರ ಅಳತೆಕೋಲಿನ ಉದ್ದ ಎಂದು ಬರೆಯಿರಿ. ಬರೆಯದ ಲೆಕ್ಕವನ್ನು ತಿದ್ದುವುದಿಲ್ಲ.

ಎರಡು ಘಟನೆಗಳೂ ಒಂದೇ ಗಡಿಯಾರದ ಬಳಿ ನಡೆದಿದ್ದರೆ ಮಾತ್ರ ಆ ಕಾಲವನ್ನು ಪ್ರಾಪರ್ ಟೈಮ್ ಎನ್ನಿ.

ಓಡುವ ರೈಲಿನ ಉದ್ದ ಬೇಕಿದ್ದರೆ ಎರಡೂ ತುದಿಗಳನ್ನು ನಿಮ್ಮ ಗಡಿಯಾರಗಳ ಪ್ರಕಾರ ಒಂದೇ ಕ್ಷಣದಲ್ಲಿ ಗುರುತು ಮಾಡಿ. ಮುಂತುದಿ ಈಗ, ಹಿಂತುದಿ ಆಮೇಲೆ ಎಂದರೆ ಸಿಗುವುದು ಉದ್ದವಲ್ಲ. ರೈಲಿನೊಳಗಿದ್ದವರು ಮಾತ್ರ ‘ಮುಂತುದಿಯನ್ನು ಮೊದಲೇ ಗುರುತಿಸಿಬಿಟ್ಟಿರಿ’ ಎಂದು ತಕರಾರು ತೆಗೆಯುತ್ತಾರೆ. ಅವರ ಗಡಿಯಾರಗಳ ಪ್ರಕಾರ ಅದೂ ಸರಿಯೇ. ಉದ್ದ ಕುಗ್ಗುವುದರ ಮರ್ಮ ಇಲ್ಲಿದೆ.

ಮ್ಯೂಯಾನ್ ಲೆಕ್ಕವನ್ನು ಎರಡೂ ಕಡೆಯಿಂದ ಮಾಡಿ ನೋಡಿ. ಫ್ರಿಶ್ ಮತ್ತು ಸ್ಮಿತ್ 1963ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಅಮೆರಿಕದ ಮೌಂಟ್ ವಾಷಿಂಗ್ಟನ್ ಮೇಲೆ, ಸುಮಾರು 1,910 ಮೀಟರ್ ಎತ್ತರದಲ್ಲಿ, ಗಂಟೆಗೆ ಸರಾಸರಿ 563 ಮ್ಯೂಯಾನ್‌ಗಳು ಸಿಕ್ಕವು. ಸಮುದ್ರಮಟ್ಟದ ಕೇಂಬ್ರಿಜ್‌ನಲ್ಲಿ 408. ಕಾಲ ಹಿಗ್ಗದಿದ್ದರೆ ಅಲ್ಲಿಗೆ ತಲುಪಬೇಕಾಗಿದ್ದದ್ದು ಸುಮಾರು 27! ನೆಲದವರ ಲೆಕ್ಕದಲ್ಲಿ ಮ್ಯೂಯಾನಿನ ಗಡಿಯಾರ ಒಂಬತ್ತು ಪಟ್ಟಿನಷ್ಟು ನಿಧಾನ. ಮ್ಯೂಯಾನಿನ ಲೆಕ್ಕದಲ್ಲಿ ಬೆಟ್ಟದ ಎತ್ತರವೇ ಇನ್ನೂರು ಚಿಲ್ಲರೆ ಮೀಟರ್. ಬದುಕುಳಿದವುಗಳ ಸಂಖ್ಯೆ ಎರಡರಲ್ಲೂ ಒಂದೇ ಬರಬೇಕು.

ಮಾಡಬಾರದ್ದು

ಒಂದೇ ಲೆಕ್ಕದಲ್ಲಿ ಕಾಲವನ್ನೂ ಹಿಗ್ಗಿಸಿ ಬೆಟ್ಟವನ್ನೂ ಕುಗ್ಗಿಸಬೇಡಿ. ಅಂಕ ಹೋಗುವುದು ಹೆಚ್ಚಾಗಿ ಇಲ್ಲೇ.

ಚಲನೆಗೆ ಅಡ್ಡಲಾಗಿರುವ ಅಗಲ, ಎತ್ತರಗಳನ್ನು ಮುಟ್ಟಬೇಡಿ.

ಕಣ್ಣಿಗೆ ಕಂಡದ್ದನ್ನೇ ಅಳತೆ ಎಂದು ಬರೆಯಬೇಡಿ. ದೂರದ ತುದಿಯಿಂದ ಬೆಳಕು ತಡವಾಗಿ ಬರುತ್ತದೆ. ಆ ತಡವನ್ನು ಕಳೆದ ಮೇಲೆ ಸಿಗುವುದು ಅಳತೆ. ಅತಿವೇಗದ ಗೋಳ ನೋಡುವವರಿಗೆ ಚಪ್ಪಟೆಯಾಗಿ ಕಾಣುವುದಿಲ್ಲ, ಅದರ ಹೊರಗೆರೆ ವೃತ್ತವಾಗಿಯೇ ಇರುತ್ತದೆ ಎಂದು ಪೆನ್‌ರೋಸ್ 1959ರಲ್ಲೇ ತೋರಿಸಿದ್ದಾರೆ. ಆದರೂ ಗೈಡುಗಳಲ್ಲಿ ಹಪ್ಪಳದಂಥ ರಾಕೆಟ್‌ಗಳು ಇನ್ನೂ ಹಾರುತ್ತಲೇ ಇವೆ. ಆ ಚಿತ್ರ ನಕಲು ಮಾಡಬೇಡಿ.

ಜಿಪಿಎಸ್ ಉದಾಹರಣೆ ಕೊಡುವವರು ವೇಗದ ಮಾತಾಡಿ ಅಲ್ಲಿಗೇ ನಿಲ್ಲಿಸಬೇಡಿ. ವೇಗದಿಂದಾಗಿ ಉಪಗ್ರಹದ ಗಡಿಯಾರ ದಿನಕ್ಕೆ ಸುಮಾರು 7 ಮೈಕ್ರೊಸೆಕೆಂಡ್ ಹಿಂದೆ ಬೀಳುತ್ತದೆ. ಅಷ್ಟು ಎತ್ತರದಲ್ಲಿ ಗುರುತ್ವದ ಪ್ರಭಾವ ತಗ್ಗಿರುವುದರಿಂದ ಸುಮಾರು 45 ಮುಂದೆ ಓಡುತ್ತದೆ. ಒಟ್ಟಿನಲ್ಲಿ 38 ಮುಂದೆ.

ಉತ್ತರದಲ್ಲಿ ಮ್ಯೂಯಾನಿನ ವೇಗ ಬೆಳಕಿನ ವೇಗವನ್ನು ದಾಟಿದ್ದರೆ ಕ್ಯಾಲ್ಕ್ಯುಲೇಟರನ್ನು ಬೈಯಬೇಡಿ. ಹಾಳೆ ಹರಿದು ಮೊದಲಿನಿಂದ ಮಾಡಿ.