ಮನೆಯ ಗಣಕಯಂತ್ರದಲ್ಲಿ ವಿಡಿಯೋ ನಿಂತು ನಿಂತು ಸಾಗುವುದೇಕೆ? – ದೋಷಪತ್ತೆಯ ಕ್ರಮ

ಜಿಎಸ್‌ಟಿ ವಿವರಪಟ್ಟಿ ಸಲ್ಲಿಕೆಯ ಪಾಠ, ಹೊಸ ಯಂತ್ರದ ಜೋಡಣೆಯ ಪ್ರಾತ್ಯಕ್ಷಿಕೆ, ಖರೀದಿದಾರರು ಕಳುಹಿಸುವ ಮಾದರಿಯ ಚಿತ್ರಣ – ಇವೆಲ್ಲವೂ ಇಂದು ಅಂತರಜಾಲದ ವಿಡಿಯೋ ರೂಪದಲ್ಲಿಯೇ ದೊರೆಯುತ್ತವೆ. ಅಂಗಡಿ ಅಥವಾ ಕಾರ್ಖಾನೆಯ ಕೆಲಸ ಮುಗಿಸಿದ ವರ್ತಕರು ರಾತ್ರಿ ಮನೆಯ ಗಣಕಯಂತ್ರದಲ್ಲಿ ಇವನ್ನು ವೀಕ್ಷಿಸುತ್ತಾರೆ. ಅನೇಕರ ಲೆಕ್ಕಪತ್ರಗಳಿರುವುದೂ ಅದೇ ಯಂತ್ರದಲ್ಲಿ. ಆದುದರಿಂದ ವಿಡಿಯೋ ನಿಂತಾಗ ಅವಸರದಲ್ಲಿ ಕೈಗೊಳ್ಳುವ ಪರಿಹಾರವು ಮೂಲ ತೊಂದರೆಗಿಂತ ದುಬಾರಿಯಾಗಬಹುದು.

ತಾಳೆಪಟ್ಟಿ ಕೂಡದಿದ್ದಾಗ ಅನುಭವಿ ಗುಮಾಸ್ತನು ಎಲ್ಲ ಪುಸ್ತಕಗಳನ್ನೂ ಒಮ್ಮೆಲೇ ತಿದ್ದಲು ಹೊರಡುವುದಿಲ್ಲ. ವ್ಯತ್ಯಾಸ ಯಾವ ಖಾತೆಯಲ್ಲಿದೆ ಎಂಬುದನ್ನು ಮೊದಲು ಗುರುತಿಸುತ್ತಾನೆ. ಇಲ್ಲಿಯೂ ಅದೇ ಕ್ರಮ ಸೂಕ್ತ.

1. ದೋಷ ಯಾರದು?

ತೊಂದರೆಯು ಜಾಲತಾಣದಲ್ಲಿ, ಸಂಪರ್ಕದಲ್ಲಿ ಅಥವಾ ಯಂತ್ರದಲ್ಲಿ ಇರಬಹುದು. ಅದೇ ವಿಡಿಯೋವನ್ನು ಮನೆಯ ವೈಫೈ ಮೂಲಕ ಮೊಬೈಲಿನಲ್ಲಿ ನೋಡಬೇಕು. ಅಲ್ಲಿ ಸರಾಗವಾಗಿ ಸಾಗಿದರೆ ಗಣಕಯಂತ್ರವನ್ನು ಪರಿಶೀಲಿಸಬೇಕು. ಅಲ್ಲಿಯೂ ನಿಂತರೆ ವೈಫೈ ಬಿಟ್ಟು ಮೊಬೈಲಿನ ಸ್ವಂತ ಡೇಟಾದಲ್ಲಿ ನೋಡಬೇಕು. ಆಗ ಸಾಗಿದರೆ ದೋಷ ಮನೆಯ ಸಂಪರ್ಕದ್ದು. ಆಗಲೂ ನಿಂತರೆ ಬಹುಮಟ್ಟಿಗೆ ಜಾಲತಾಣದ್ದು, ಕಾಯುವುದೇ ಪರಿಹಾರ.

ಯೂಟ್ಯೂಬಿನಲ್ಲಿ ಇನ್ನೊಂದು ಸೌಲಭ್ಯವಿದೆ. ಚಿತ್ರದ ಮೇಲೆ ಮೌಸಿನ ಬಲಗುಂಡಿ ಒತ್ತಿ ‘ಸ್ಟ್ಯಾಟ್ಸ್ ಫಾರ್ ನರ್ಡ್ಸ್’ ಆರಿಸಿದರೆ ಪುಟ್ಟ ಪಟ್ಟಿಯೊಂದು ತೆರೆಯುತ್ತದೆ. ಅದರಲ್ಲಿ ‘ಬಫರ್ ಹೆಲ್ತ್’ ಪದೇ ಪದೇ ಸೊನ್ನೆಯ ಸಮೀಪಕ್ಕೆ ಇಳಿಯುತ್ತಿದ್ದರೆ ಮಾಹಿತಿ ಸಕಾಲಕ್ಕೆ ತಲುಪುತ್ತಿಲ್ಲವೆಂದು ಅರ್ಥ. ‘ಡ್ರಾಪ್ಡ್ ಫ್ರೇಮ್ಸ್’ ಸಂಖ್ಯೆ ಏರುತ್ತಲೇ ಇದ್ದರೆ, ತಲುಪಿದ ಮಾಹಿತಿಯನ್ನು ಯಂತ್ರವು ಚಿತ್ರವಾಗಿ ಪರಿವರ್ತಿಸಲಾರದೆ ಸೋಲುತ್ತಿದೆ.

2. ಸಂಪರ್ಕದ ದೋಷ

ಯೂಟ್ಯೂಬ್ ಸೂಚಿಸುವಂತೆ 480 ದರ್ಜೆಯ ಚಿತ್ರಕ್ಕೆ ಸುಮಾರು 1.1, 720 ದರ್ಜೆಗೆ 2.5, 1080 ದರ್ಜೆಗೆ 5 ಎಂಬಿಪಿಎಸ್ ವೇಗ ಸಾಕು. ಸೇವಾದಾರರು ವೇಗವನ್ನು ಮೆಗಾಬಿಟ್‌ಗಳಲ್ಲಿ ಹೇಳುತ್ತಾರೆ; ಡೌನ್‌ಲೋಡ್ ಆಗುವಾಗ ಪರದೆಯಲ್ಲಿ ಸಾಮಾನ್ಯವಾಗಿ ಮೆಗಾಬೈಟ್‌ಗಳು ಕಾಣುತ್ತವೆ. 8 ಬಿಟ್‌ಗಳಿಗೆ 1 ಬೈಟ್. ಆದುದರಿಂದ 40 ಎಂಬಿಪಿಎಸ್ ಸಂಪರ್ಕದಲ್ಲಿ ಸೆಕೆಂಡಿಗೆ 5 ಮೆಗಾಬೈಟ್ ಬಂದರೆ ಅದು ಮೋಸವಲ್ಲ, ಅಳತೆಯ ವ್ಯತ್ಯಾಸ.

ಯಂತ್ರವನ್ನು ಕೇಬಲ್ ಮೂಲಕ ನೇರವಾಗಿ ರೂಟರಿಗೆ ಜೋಡಿಸಿದಾಗ ವೇಗ ಸರಿಹೋದರೆ ದೋಷ ವೈಫೈನದು. ರೂಟರನ್ನು ಗೋಡ್ರೆಜ್ ಬೀರುವಿನ ಹಿಂದಿನಿಂದ ತೆಗೆದು ತೆರೆದ, ಎತ್ತರದ ಸ್ಥಳದಲ್ಲಿಡುವುದರಿಂದಲೇ ಅನೇಕ ಬಾರಿ ಗುಣ ಕಾಣುತ್ತದೆ. ತಿಂಗಳ ಡೇಟಾ ಮಿತಿ ಮುಗಿದ ಬಳಿಕ ವೇಗ ಇಳಿಸುವ ಯೋಜನೆಗಳೂ ಇವೆ, ಅದನ್ನೂ ವಿಚಾರಿಸಬೇಕು.

3. ಬ್ರೌಸರಿನ ದೋಷ

ಕ್ರೋಮ್‌ನಲ್ಲಿ ಕಂಟ್ರೋಲ್, ಶಿಫ್ಟ್, ಎನ್ ಗುಂಡಿಗಳನ್ನು ಒಟ್ಟಿಗೆ ಒತ್ತಿದರೆ ಖಾಸಗಿ ಕಿಟಕಿ ತೆರೆಯುತ್ತದೆ. ಅದರಲ್ಲಿ ವಿಡಿಯೋ ಸಾಗಿದರೆ, ಬ್ರೌಸರಿಗೆ ಸೇರಿಸಿದ ವಿಸ್ತರಣೆಗಳು ಅಥವಾ ಸಂಗ್ರಹವಾದ ಹಳೆಯ ಮಾಹಿತಿ ಕಾರಣವಾಗಿರುವ ಸಂಭವ ಹೆಚ್ಚು. ವಿಸ್ತರಣೆಗಳನ್ನು ಒಂದೊಂದಾಗಿ ನಿಷ್ಕ್ರಿಯಗೊಳಿಸಿ ನೋಡಬೇಕು. ಬ್ರೌಸರನ್ನು ನವೀಕರಿಸುವುದೂ ಅಗತ್ಯ. ವಿಂಡೋಸ್ 7 ಮತ್ತು 8.1ಕ್ಕೆ ದೊರೆತ ಕೊನೆಯ ಕ್ರೋಮ್ ಆವೃತ್ತಿ 109. ಅದು 2023ರ ಜನವರಿಯದು.

4. ಯಂತ್ರದ ದೋಷ

ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆಯಬೇಕು. ವಿಡಿಯೋ ಸಾಗುವಾಗ ಸಿಪಿಯು ಶೇಕಡಾ 100ರ ಸಮೀಪವಿದ್ದರೆ ಯಂತ್ರಕ್ಕೆ ಹೊರೆ ಹೆಚ್ಚಾಗಿದೆ. ವಿಪಿ9, ಎವಿ1 ಮುಂತಾದ ಹೊಸ ಸಂಕೇತಕ್ರಮಗಳನ್ನು ಬಿಡಿಸುವ ಅಂಗ ಹಳೆಯ ಗ್ರಾಫಿಕ್ಸ್ ಚಿಪ್‌ಗಳಲ್ಲಿಲ್ಲ. ಆ ಕೆಲಸವೆಲ್ಲ ಸಿಪಿಯು ಮೇಲೆ ಬೀಳುತ್ತದೆ. ಚಿತ್ರದ ದರ್ಜೆಯನ್ನು 480ಕ್ಕೆ ಇಳಿಸುವುದು ಖರ್ಚಿಲ್ಲದ ಪರಿಹಾರ. ಪರದೆ ಹಸಿರು ಅಥವಾ ಕಪ್ಪಾಗಿ ಧ್ವನಿ ಮಾತ್ರ ಕೇಳಿಸಿದರೆ, ಗ್ರಾಫಿಕ್ಸ್ ಡ್ರೈವರನ್ನು ನವೀಕರಿಸಬೇಕು. ಇಲ್ಲವೇ ಬ್ರೌಸರಿನ ‘ಹಾರ್ಡ್‌ವೇರ್ ಆ್ಯಕ್ಸಲರೇಶನ್’ ಆಯ್ಕೆಯನ್ನು ತೆಗೆದು ನೋಡಬೇಕು.

ಯಾವ ತಾಣವೂ ಸರಿಯಾಗಿ ತೆರೆಯದಿದ್ದರೆ ಯಂತ್ರದ ದಿನಾಂಕವನ್ನು ಗಮನಿಸಬೇಕು. ಒಳಗಿನ ನಾಣ್ಯದಾಕಾರದ ಬ್ಯಾಟರಿ ಸತ್ತರೆ ದಿನಾಂಕ ಹಿಂದಕ್ಕೆ ಹೋಗಿ, ಸುರಕ್ಷಾ ಪ್ರಮಾಣಪತ್ರಗಳು ತಿರಸ್ಕೃತವಾಗುತ್ತವೆ.

5. ಮುಖ್ಯ ಎಚ್ಚರಿಕೆ

‘ವಿಡಿಯೋ ನೋಡಲು ಫ್ಲ್ಯಾಶ್ ಪ್ಲೇಯರ್ ಹಾಕಿಕೊಳ್ಳಿ’, ‘ಕೋಡೆಕ್ ಇಳಿಸಿಕೊಳ್ಳಿ’ ಎಂಬ ಸೂಚನೆ ಬಂದರೆ ಒಪ್ಪಬಾರದು. ಅಡೋಬಿ ಸಂಸ್ಥೆಯು ಫ್ಲ್ಯಾಶ್ ಪ್ಲೇಯರಿನ ಬೆಂಬಲವನ್ನು 2020ರ ಡಿಸೆಂಬರ್ 31ರಂದೇ ನಿಲ್ಲಿಸಿದೆ. 2021ರ ಜನವರಿ 12ರಿಂದ ಅದರಲ್ಲಿ ಫ್ಲ್ಯಾಶ್ ವಿಷಯ ತೆರೆಯದಂತೆ ತಡೆದಿದೆ. ಇಂದಿನ ಬ್ರೌಸರುಗಳಿಗೆ ಅದರ ಅಗತ್ಯವೂ ಇಲ್ಲ. ಅಂತಹ ಸೂಚನೆಯ ಹಿಂದೆ ಕಡತಗಳಿಗೆ ಬೀಗ ಹಾಕಿ ಹಣ ಕೇಳುವ ತಂತ್ರಾಂಶವಿರಬಹುದು. ಜಿಎಸ್‌ಟಿ ಕಾಯ್ದೆಯ 36ನೇ ಕಲಮಿನಂತೆ ಲೆಕ್ಕಪತ್ರಗಳನ್ನು ವಾರ್ಷಿಕ ವಿವರಪಟ್ಟಿಯ ಕೊನೆಯ ದಿನಾಂಕದಿಂದ 72 ತಿಂಗಳ ಕಾಲ ಕಾಯ್ದಿಡಬೇಕು. ಅವು ಕಳೆದುಹೋದರೆ ಅಧಿಕಾರಿಗಳ ಮುಂದೆ ‘ವಿಡಿಯೋ ನೋಡಲು ಹೋಗಿ ಹೀಗಾಯಿತು’ ಎಂಬುದು ಸಮಾಧಾನವಾಗದು.

ವಿಂಡೋಸ್ 10ರ ಸಾಮಾನ್ಯ ಬೆಂಬಲವೂ 2025ರ ಅಕ್ಟೋಬರ್ 14ರಂದು ಮುಗಿದಿದೆ. ಸಾಧ್ಯವಿದ್ದವರು ಲೆಕ್ಕಪತ್ರದ ಯಂತ್ರವನ್ನೂ ಮನೆಮಂದಿ ವಿಡಿಯೋ ನೋಡುವ ಯಂತ್ರವನ್ನೂ ಬೇರ್ಪಡಿಸುವುದು ಲೇಸು. ಸಾಧ್ಯವಿಲ್ಲದವರು ಪ್ರತಿದಿನದ ಲೆಕ್ಕದ ಪ್ರತಿಯನ್ನು ಹೊರಗಿನ ಡಿಸ್ಕಿಗೆ ತೆಗೆದು, ಡಿಸ್ಕನ್ನು ಯಂತ್ರದಿಂದ ಕಳಚಿ ಇಡುವುದನ್ನು ರೂಢಿಸಿಕೊಳ್ಳಬೇಕು. ಗಲ್ಲಾಪೆಟ್ಟಿಗೆಗೆ ಬೀಗ ಹಾಕದೆ ಅಂಗಡಿ ಮುಚ್ಚುವ ವರ್ತಕರಿಲ್ಲ; ಈ ಪೆಟ್ಟಿಗೆಗೂ ಅದೇ ನಿಯಮ.